ಹೆಸರು ಒಂದೇ, ಟೇಬಲ್ ಬೇರೆ

ಬ್ಯಾಂಕು, ಆಸ್ಪತ್ರೆ, ವಿಮಾ ಕಂಪನಿ, ಸರ್ಕಾರಿ ಇಲಾಖೆ ಎಲ್ಲಿಗೇ ಹೋಗಿ, ನಮ್ಮ ಕುರಿತ ಮಾಹಿತಿ ಇರುವುದು ಡೇಟಾಬೇಸ್‌ನ ಟೇಬಲ್‌ಗಳಲ್ಲಿ. ಆ ಟೇಬಲ್‌ಗಳನ್ನು ಓದಿ ಬರೆಯುವ ಕೋಡ್‌ನಲ್ಲಿ ಸಾಕಷ್ಟನ್ನು ಪ್ರೋಗ್ರಾಮರ್‌ಗಳು ಈಗ ಕೈಯಾರೆ ಬರೆಯುವುದಿಲ್ಲ. ಕೋಡ್ ಜನರೇಟರ್ ಎಂಬ ಉಪಕರಣ ಡೇಟಾಬೇಸನ್ನು ನೋಡಿ, ಒಂದೊಂದು ಟೇಬಲ್‌ಗೆ ಒಂದೊಂದು ಕ್ಲಾಸ್‌ನಂತೆ ತಾನೇ ಬರೆದು ಕೊಡುತ್ತದೆ. ಸಮಯ ಉಳಿಯುತ್ತದೆ, ಕಾಗುಣಿತದ ತಪ್ಪುಗಳು ತಪ್ಪುತ್ತವೆ. ಆದರೆ ಎರಡು ಟೇಬಲ್‌ಗಳಿಗೆ ಒಂದೇ ಹೆಸರಿದ್ದಾಗ ಈ ಉಪಕರಣ ಏನು ಮಾಡುತ್ತದೆ? ಈ ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ಕಡೆ ತೃಪ್ತಿಕರವಾಗಿಲ್ಲ. ಇದರಿಂದ ಆಗಬಹುದಾದ ಹಾನಿಯ ದೊಡ್ಡ ಪಾಲು ಇನ್ನೂ ಮುಂದಿದೆ ಎಂದು ನಂಬಲು ಕಾರಣಗಳಿವೆ.

ಮೊದಲು ಎರಡು ಪದ. ದೊಡ್ಡ ಡೇಟಾಬೇಸ್‌ನಲ್ಲಿ ಟೇಬಲ್‌ಗಳನ್ನು ವಿಭಾಗವಾರು ಗುಂಪು ಮಾಡಿ ಇಡುತ್ತಾರೆ. ಆ ಗುಂಪಿಗೆ ಸ್ಕೀಮಾ ಎನ್ನುತ್ತಾರೆ. ಮಾರಾಟದ ಸ್ಕೀಮಾದಲ್ಲಿ 'ಆರ್ಡರ್' ಎಂಬ ಟೇಬಲ್ ಇರಬಹುದು, ಖರೀದಿಯ ಸ್ಕೀಮಾದಲ್ಲೂ ಅದೇ ಹೆಸರಿನದು ಇರಬಹುದು. ಕರ್ನಾಟಕದಲ್ಲಿ ಹೊಸಹಳ್ಳಿ ಎಂಬ ಊರು ಒಂದೆರಡಲ್ಲ. ತಾಲ್ಲೂಕು, ಜಿಲ್ಲೆ ಬರೆಯದ ಕಾಗದ ಯಾವ ಹೊಸಹಳ್ಳಿಗಾದರೂ ಹೋಗಬಹುದು. ಟೇಬಲ್‌ನ ವಿಳಾಸದಲ್ಲಿ ತಾಲ್ಲೂಕಿನ ಜಾಗ ಸ್ಕೀಮಾದ್ದು. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದೇ ಕೆಲಸಕ್ಕೆ ನೇಮ್‌ಸ್ಪೇಸ್ ಇದೆ, ಜಾವಾದಲ್ಲಿ ಅದರ ಹೆಸರು ಪ್ಯಾಕೇಜ್. ಒಂದು ಹೆಸರು ಎಲ್ಲಿಂದ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಗೆರೆ ಎಳೆಯುವುದು ಅದರ ಕೆಲಸ.

ತೊಡಕು ಶುರುವಾಗುವುದು ಈ ಎರಡೂ ವ್ಯವಸ್ಥೆಗಳ ನಿಯಮ ಒಂದೇ ಅಲ್ಲದ್ದರಿಂದ. ಡೇಟಾಬೇಸ್‌ಗಳ ನಡುವೆಯೇ ಒಮ್ಮತವಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಕೀಮಾ ಅಂದರೆ ಡೇಟಾಬೇಸ್ ಎಂದೇ ಅರ್ಥ. ಒರಾಕಲ್‌ನಲ್ಲಿ ಸ್ಕೀಮಾ ಒಬ್ಬ ಬಳಕೆದಾರನ ಹೆಸರಿಗೆ ಅಂಟಿಕೊಂಡಿರುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಹಾಗೇ ಇತ್ತು, 2005ರ ಆವೃತ್ತಿಯಲ್ಲಿ ಎರಡನ್ನೂ ಬೇರ್ಪಡಿಸಿದರು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಸ್ಕೀಮಾ ಬಂದದ್ದು 2002ರ 7.3ನೇ ಆವೃತ್ತಿಯಲ್ಲಿ. ಈ ನಾಲ್ಕು ಬಗೆಯ ವಿಳಾಸಗಳನ್ನು ಸಿ-ಶಾರ್ಪ್, ಜಾವಾ, ಪೈಥಾನ್‌ಗಳ ನೇಮ್‌ಸ್ಪೇಸ್‌ಗೆ ಹೊಂದಿಸುವ ಹೊಣೆ ಜನರೇಟರ್‌ನದು.

ಹೊಂದಾಣಿಕೆ ತಪ್ಪಿದಾಗ ಏನಾಗುತ್ತದೆಂದು ತಿಳಿಯಲು ಎಲ್ಲರಿಗೂ ಸಿಗುವ ಒಂದು ಡೇಟಾಬೇಸನ್ನೇ ನೋಡೋಣ. ಮೈಕ್ರೋಸಾಫ್ಟ್ ಕಲಿಯುವವರಿಗೆಂದು ಕೊಡುವ 'ಅಡ್ವೆಂಚರ್‌ವರ್ಕ್ಸ್', ಒಂದು ಕಾಲ್ಪನಿಕ ಸೈಕಲ್ ಕಂಪನಿಯ ಲೆಕ್ಕಪತ್ರ. ಅದರ ಟೇಬಲ್‌ಗಳು ಮುಖ್ಯವಾಗಿ ಹ್ಯೂಮನ್‌ರಿಸೋರ್ಸಸ್, ಪರ್ಸನ್, ಪ್ರೊಡಕ್ಷನ್, ಪರ್ಚೇಸಿಂಗ್, ಸೇಲ್ಸ್ ಎಂಬ ಐದು ಸ್ಕೀಮಾಗಳಲ್ಲಿ ಹಂಚಿಹೋಗಿವೆ. ಪರ್ಸನ್ ಸ್ಕೀಮಾದೊಳಗೆ ಪರ್ಸನ್ ಎಂಬುದೇ ಒಂದು ಟೇಬಲ್. ಸೇಲ್ಸ್ ಸ್ಕೀಮಾದ ಕಸ್ಟಮರ್ ಟೇಬಲ್ ಆ ಪರ್ಸನ್ ಟೇಬಲನ್ನು ಉಲ್ಲೇಖಿಸುತ್ತದೆ.

ಪ್ರತಿ ಸ್ಕೀಮಾಕ್ಕೂ ಒಂದು ನೇಮ್‌ಸ್ಪೇಸ್ ಎಂಬ ಲೆಕ್ಕದಲ್ಲಿ ಇದರಿಂದ ಸಿ-ಶಾರ್ಪ್ ಕೋಡ್ ಹುಟ್ಟಿಸಿದೆವು ಎನ್ನಿ. ಸೇಲ್ಸ್ ನೇಮ್‌ಸ್ಪೇಸ್‌ನಲ್ಲಿರುವ ಕಸ್ಟಮರ್ ಕ್ಲಾಸ್‌ನೊಳಗೆ 'ಪರ್ಸನ್' ಎಂಬ ಪದ ಬರುತ್ತದೆ. ಕಂಪೈಲರ್ ಅದರ ಅರ್ಥವನ್ನು ಒಳಗಿನಿಂದ ಹೊರಕ್ಕೆ ಹುಡುಕುತ್ತದೆ. ಸೇಲ್ಸ್‌ನಲ್ಲಿ ಆ ಹೆಸರಿನದು ಏನೂ ಇಲ್ಲ. ಒಂದು ಸುತ್ತು ಹೊರಗೆ, ಅಡ್ವೆಂಚರ್‌ವರ್ಕ್ಸ್ ಎಂಬ ದೊಡ್ಡ ನೇಮ್‌ಸ್ಪೇಸ್‌ನಲ್ಲಿ ಪರ್ಸನ್ ಸಿಗುತ್ತದೆ. ಆದರೆ ಅಲ್ಲಿ ಸಿಕ್ಕಿದ್ದು ಕ್ಲಾಸ್ ಅಲ್ಲ, ಪರ್ಸನ್ ಎಂಬ ಒಳ ನೇಮ್‌ಸ್ಪೇಸ್. ಹೆಸರು ಸಿಕ್ಕಿತಲ್ಲ, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ನೇಮ್‌ಸ್ಪೇಸ್ ಅನ್ನು ಟೈಪ್‌ನಂತೆ ಬಳಸಿದ್ದೀರಿ ಎಂದು ಸಿಎಸ್0118 ಸಂಖ್ಯೆಯ ದೋಷ ತೆರೆಯ ಮೇಲೆ ಮೂಡುತ್ತದೆ. ಫೈಲಿನ ತಲೆಯಲ್ಲಿ ನೇಮ್‌ಸ್ಪೇಸ್‌ನ ಹೊರಗೆ 'ಯೂಸಿಂಗ್' ಸಾಲು ಸೇರಿಸಿದರೂ ದೋಷ ಹೋಗುವುದಿಲ್ಲ, ಏಕೆಂದರೆ ಆ ಸಾಲನ್ನು ಕಂಪೈಲರ್ ನೋಡುವ ಸರದಿ ಬರುವುದು ಇದಾದ ಮೇಲೆ. ಬೇರಿನಿಂದ ಹಿಡಿದು ಪೂರ್ತಿ ವಿಳಾಸ ಬರೆಯುವುದು ಖಚಿತವಾದ ಪರಿಹಾರ. 'ಗ್ಲೋಬಲ್' ಎಂದು ಬರೆದು ಎರಡು ಕೋಲನ್ ಹಾಕಿ, ಮುಂದೆ ಅಡ್ವೆಂಚರ್‌ವರ್ಕ್ಸ್, ಪರ್ಸನ್, ಪರ್ಸನ್ ಎಂದು ಚುಕ್ಕಿಗಳಿಂದ ಜೋಡಿಸಬೇಕು. ಸಿ-ಶಾರ್ಪ್ 2.0 ಬಂದ 2005ರಿಂದಲೂ ಈ ಸೌಲಭ್ಯವಿದೆ.

ಈ ದೋಷ ಕಿರಿಕಿರಿಯೇ ಹೊರತು ಅಪಾಯಕಾರಿಯಲ್ಲ. ಕೋಡ್ ಕಂಪೈಲ್ ಆಗುವುದಿಲ್ಲ, ಹಾಗಾಗಿ ತಪ್ಪು ಪ್ರೋಗ್ರಾಮರನ ಮೇಜನ್ನು ದಾಟಿ ಗ್ರಾಹಕನವರೆಗೆ ಹೋಗುವುದೇ ಇಲ್ಲ. ನಾವು ಹೆದರಬೇಕಾದದ್ದು ಈ ದೋಷವನ್ನು ಆತುರದಲ್ಲಿ ಸರಿಪಡಿಸುವ ಬಗೆಗೆ. ಆ ತೇಪೆಗಳಲ್ಲಿ ಕೆಲವು, ಗದ್ದಲ ಮಾಡುವ ತಪ್ಪನ್ನು ಗದ್ದಲ ಮಾಡದ ತಪ್ಪಾಗಿ ಮಾರ್ಪಡಿಸುತ್ತವೆ.

ಅತಿ ಸುಲಭದ ತೇಪೆ ಸಂಖ್ಯೆ ಅಂಟಿಸುವುದು. ಎಲ್ಲ ಸ್ಕೀಮಾಗಳ ಕ್ಲಾಸ್‌ಗಳನ್ನೂ ಒಂದೇ ನೇಮ್‌ಸ್ಪೇಸ್‌ಗೆ ಸುರಿದು, ಹೆಸರು ಡಿಕ್ಕಿಯಾದರೆ ಒಂದಕ್ಕೆ ಆರ್ಡರ್, ಇನ್ನೊಂದಕ್ಕೆ ಆರ್ಡರ್1 ಎಂದು ಹೆಸರಿಡುವುದು. ಬಹಳ ಜನ ಬಳಸುವ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಕೂಡ ಡೇಟಾಬೇಸ್‌ನಿಂದ ಕೋಡ್ ಹುಟ್ಟಿಸುವಾಗ ಹೀಗೆಯೇ ಸಂಖ್ಯೆ ಸೇರಿಸುತ್ತದೆ. ಯಾವುದಕ್ಕೆ ಮೂಲ ಹೆಸರು, ಯಾವುದಕ್ಕೆ ಸಂಖ್ಯೆ ಎಂಬುದು ಇಂಥ ವಿಧಾನದಲ್ಲಿ ಟೇಬಲ್‌ಗಳು ಎದುರಾಗುವ ಕ್ರಮದ ಮೇಲೆ ನಿಂತಿರುತ್ತದೆ, ಟೇಬಲ್‌ನ ಅರ್ಥದ ಮೇಲಲ್ಲ.

ಇದರ ಪರಿಣಾಮವನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಬಹುದು. ಇವತ್ತು 'ಸೇಲ್ಸ್' ಸ್ಕೀಮಾದಲ್ಲಿ ಮಾತ್ರ ಆರ್ಡರ್ ಟೇಬಲ್ ಇದೆ. ಕೋಡ್‌ನಲ್ಲಿ ಆರ್ಡರ್ ಅಂದರೆ ಅದೇ. ಆರು ತಿಂಗಳ ನಂತರ ಹಳೆಯ ದಾಖಲೆ ಇಡಲು ಯಾರೋ 'ಆರ್ಕೈವ್' ಎಂಬ ಸ್ಕೀಮಾ ತೆರೆದು, ಅದೇ ಅಂಕಣಗಳಿರುವ ಆರ್ಡರ್ ಟೇಬಲ್ ಮಾಡುತ್ತಾರೆ. ಕೋಡ್ ಮತ್ತೆ ಹುಟ್ಟಿಸುತ್ತಾರೆ. ಉಪಕರಣ ಸ್ಕೀಮಾಗಳನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಓದುವಂಥದ್ದಾದರೆ ಆರ್ಕೈವ್ ಮೊದಲು ಸಿಗುತ್ತದೆ. ಆರ್ಡರ್ ಎಂಬ ಹೆಸರು ಈಗ ಹಳೆಯ ದಾಖಲೆಗಳ ಟೇಬಲ್‌ಗೆ ಹೋಗುತ್ತದೆ, ನಿಜವಾದ ಆರ್ಡರ್ ಟೇಬಲ್ ಆರ್ಡರ್1 ಆಗುತ್ತದೆ. ಅಂಕಣಗಳೂ ಅವುಗಳ ಟೈಪ್‌ಗಳೂ ಒಂದೇ ಆಗಿರುವುದರಿಂದ ಕೋಡ್ ತಕರಾರಿಲ್ಲದೆ ಕಂಪೈಲ್ ಆಗುತ್ತದೆ. ಅಂದಿನಿಂದ ಹೊಸ ಆರ್ಡರ್‌ಗಳು ಹಳೆಯ ದಾಖಲೆಗಳ ನಡುವೆ ಹೋಗಿ ಕೂರುತ್ತವೆ. ಪ್ರೋಗ್ರಾಮರ್ ತಾನು ಬರೆದ ಕೋಡ್‌ನ ಒಂದಕ್ಷರವನ್ನೂ ಮುಟ್ಟಿಲ್ಲ.

ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲವೇ? ಬಹಳ ಸಲ ಇಲ್ಲ. ಪರೀಕ್ಷೆಗೆ ಇಡುವ ಡೇಟಾಬೇಸ್ ಚಿಕ್ಕದು, ಅದರಲ್ಲಿ ಬರೆದದ್ದನ್ನೇ ತಿರುಗಿ ಓದಿ ಸರಿಯಿದೆಯೇ ಎಂದು ನೋಡುತ್ತಾರೆ. ತಪ್ಪು ಟೇಬಲ್‌ಗೆ ಬರೆದು ಅದೇ ತಪ್ಪು ಟೇಬಲ್‌ನಿಂದ ಓದಿದರೆ ಉತ್ತರ ಸರಿಯಾಗಿಯೇ ಬರುತ್ತದೆ.

ಎರಡನೆಯ ತೇಪೆ, ಸ್ಕೀಮಾದ ಹೆಸರನ್ನೇ ಬಿಟ್ಟುಬಿಡುವುದು. ಆಗ ತೀರ್ಮಾನ ಡೇಟಾಬೇಸ್‌ನ ಕೈಗೆ ಹೋಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 'ಸರ್ಚ್ ಪಾತ್' ಎಂಬ ಪಟ್ಟಿ ಇದೆ. ಬರಿ ಹೆಸರು ಬಂದರೆ ಆ ಪಟ್ಟಿಯ ಸ್ಕೀಮಾಗಳಲ್ಲಿ ವರಸೆಯಾಗಿ ಹುಡುಕಿ, ಮೊದಲು ಸಿಕ್ಕ ಟೇಬಲನ್ನು ಹಿಡಿದುಕೊಳ್ಳುತ್ತದೆ. ಅದೇ ಹೆಸರಿನ ತಾತ್ಕಾಲಿಕ ಟೇಬಲ್ ಒಂದಿದ್ದರೆ ಸಾಮಾನ್ಯವಾಗಿ ಅದಕ್ಕೇ ಮೊದಲ ಮಣೆ. ಎಸ್‌ಕ್ಯೂಎಲ್ ಸರ್ವರ್ ಮೊದಲು ಬಳಕೆದಾರನ ಸ್ವಂತ ಡಿಫಾಲ್ಟ್ ಸ್ಕೀಮಾದಲ್ಲಿ, ಆಮೇಲೆ 'ಡಿಬಿಒ' ಎಂಬ ಸ್ಕೀಮಾದಲ್ಲಿ ನೋಡುತ್ತದೆ. ಹೀಗಾಗಿ ಅಕ್ಷರಶಃ ಒಂದೇ ಆದ ಕ್ವೆರಿ ಇಬ್ಬರು ಬಳಕೆದಾರರಿಗೆ ಎರಡು ಬೇರೆ ಟೇಬಲ್‌ಗಳಿಂದ ಉತ್ತರ ತರಬಹುದು, ಎರಡರಲ್ಲೂ ದೋಷದ ಸಂದೇಶ ಇರುವುದಿಲ್ಲ.

ಇದು ಊಹೆಯ ಮಾತಲ್ಲ ಎನ್ನಲು ಸಿವಿಇ-2018-1058 ಎಂಬ ಭದ್ರತಾ ದೋಷದ ಕಡತ ನೋಡಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 'ಪಬ್ಲಿಕ್' ಸ್ಕೀಮಾದಲ್ಲಿ ಯಾವ ಬಳಕೆದಾರನಾದರೂ ಹೊಸ ಟೇಬಲ್, ಹೊಸ ಫಂಕ್ಷನ್ ಮಾಡಬಹುದಿತ್ತು. ಅಕ್ಷರಗಳನ್ನು ಚಿಕ್ಕದಾಗಿಸುವ 'ಲೋವರ್' ಎಂಬ ಫಂಕ್ಷನ್ ವ್ಯವಸ್ಥೆಯಲ್ಲೇ ಇದೆ, ಅದು ತೆಗೆದುಕೊಳ್ಳುವುದು 'ಟೆಕ್ಸ್ಟ್' ಎಂಬ ಟೈಪ್. ದುರುದ್ದೇಶದ ಬಳಕೆದಾರನೊಬ್ಬ ಅದೇ ಹೆಸರಿನ, ಆದರೆ 'ವಾರ್ಚಾರ್' ಟೈಪ್ ತೆಗೆದುಕೊಳ್ಳುವ ಫಂಕ್ಷನ್ ಒಂದನ್ನು ಪಬ್ಲಿಕ್‌ನಲ್ಲಿ ಇಡುತ್ತಾನೆ. ಕ್ವೆರಿಯಲ್ಲಿರುವ ಅಂಕಣ ವಾರ್ಚಾರ್ ಆಗಿದ್ದರೆ, ಟೈಪ್ ಹೆಚ್ಚು ಹೊಂದುವುದರಿಂದ ಅವನ ಫಂಕ್ಷನ್ನೇ ಆಯ್ಕೆಯಾಗುತ್ತದೆ. ಕ್ವೆರಿ ಓಡಿಸಿದವರು ಡೇಟಾಬೇಸ್‌ನ ಮೇಲ್ವಿಚಾರಕರಾದರೆ, ಅವನ ಕೋಡ್ ಮೇಲ್ವಿಚಾರಕರ ಅಧಿಕಾರದಲ್ಲಿ ನಡೆಯುತ್ತದೆ. ಬೀಗ ಒಡೆಯುವ ಪ್ರಮೇಯವೇ ಇಲ್ಲ. ಹೆಸರಿಗೆ ವಿಳಾಸ ಇಲ್ಲದಿದ್ದುದೇ ಸಾಕು.

2018ರ ಮಾರ್ಚ್ 1ರಂದು ಇದಕ್ಕೆ ಪರಿಹಾರದ ಆವೃತ್ತಿಗಳು ಬಂದವು. ಡೇಟಾಬೇಸ್‌ನ ಬ್ಯಾಕಪ್ ತೆಗೆಯುವ ಉಪಕರಣ ಅಂದಿನಿಂದ ಸರ್ಚ್ ಪಾತನ್ನು ಖಾಲಿ ಮಾಡಿಕೊಂಡೇ ಕೆಲಸ ಶುರು ಮಾಡುತ್ತದೆ. ಆದರೆ ಪಬ್ಲಿಕ್‌ನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಮಾಡುವ ಅವಕಾಶ ಮುಚ್ಚಿದ್ದು 2022ರ ಅಕ್ಟೋಬರ್‌ನಲ್ಲಿ ಬಂದ 15ನೇ ಆವೃತ್ತಿಯಲ್ಲಿ. ಅದೂ ಹೊಸದಾಗಿ ಮಾಡಿದ ಡೇಟಾಬೇಸ್‌ಗಳಿಗೆ ಮಾತ್ರ. ಹಳೆಯದನ್ನು ಹೊಸ ಆವೃತ್ತಿಗೆ ಏರಿಸಿದರೆ ಹಳೆಯ ಅನುಮತಿಗಳೂ ಜೊತೆಗೇ ಬರುತ್ತವೆ. ಪರಿಹಾರ ಬಂದಿದೆ ಎಂದರೆ ಅದು ನಮ್ಮಲ್ಲಿ ಜಾರಿಯಾಗಿದೆ ಎಂದು ಅರ್ಥವಲ್ಲ.

ಹಾನಿ ಇನ್ನೂ ನೇರವಾಗಿ ತಟ್ಟುವ ಜಾಗ ಬಾಡಿಗೆ ಸಾಫ್ಟ್‌ವೇರ್. ಒಂದೇ ಸಾಫ್ಟ್‌ವೇರನ್ನು ನೂರು ಕಂಪನಿಗಳಿಗೆ ಕೊಡುವವರು ಕೆಲವೊಮ್ಮೆ ಕಂಪನಿಗೊಂದು ಸ್ಕೀಮಾ ತೆರೆಯುತ್ತಾರೆ. ನೂರು ಸ್ಕೀಮಾಗಳಲ್ಲೂ ಅದೇ ಟೇಬಲ್‌ಗಳು, ಅದೇ ಅಂಕಣಗಳು. ಯಾರ ವಿನಂತಿ ಬಂತೋ ಅವರ ಸ್ಕೀಮಾವನ್ನು ಸರ್ಚ್ ಪಾತ್‌ನಲ್ಲಿ ಇಟ್ಟು ಕ್ವೆರಿ ಓಡಿಸುತ್ತಾರೆ. ಇನ್ನೊಂದೆಡೆ, ಡೇಟಾಬೇಸ್ ಸಂಪರ್ಕಗಳು ದುಬಾರಿಯಾದ್ದರಿಂದ ಪಿಜಿಬೌನ್ಸರ್‌ನಂಥ ಉಪಕರಣಗಳು ಒಂದೇ ಸಂಪರ್ಕವನ್ನು ಹಲವರಿಗೆ ಸರದಿಯಂತೆ ಹಂಚುತ್ತವೆ. ಪ್ರತಿ ವಹಿವಾಟು ಮುಗಿದೊಡನೆ ಸಂಪರ್ಕವನ್ನು ಮತ್ತೊಬ್ಬರಿಗೆ ಕೊಡುವ ವಿಧಾನದಲ್ಲಿ, ಸೆಷನ್ ಮಟ್ಟದಲ್ಲಿ ಮಾಡಿದ ಇಂಥ ಬದಲಾವಣೆಗಳನ್ನು ನಂಬಬಾರದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಹಿಂದಿನವರು ಬಿಟ್ಟುಹೋದ ಸರ್ಚ್ ಪಾತ್ ಮುಂದಿನವರಿಗೆ ಅಂಟಿಕೊಂಡರೆ, ಒಂದು ಕಂಪನಿಯ ಸಂಬಳದ ಪಟ್ಟಿ ಇನ್ನೊಂದು ಕಂಪನಿಯ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ಕಂಪೈಲರ್, ಡೇಟಾಬೇಸ್, ಲಾಗ್ ಫೈಲ್ ಮೂರರ ಕಣ್ಣಿಗೂ ಅದೊಂದು ಯಶಸ್ವಿ ಕ್ವೆರಿ.

ಈ ಸಂದರ್ಭಗಳು ಹೆಚ್ಚುತ್ತಿರುವುದಕ್ಕೆ ಮೊದಲ ಕಾರಣ ಸಂಸ್ಥೆಗಳ ವಿಲೀನ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳನ್ನೇ ನೋಡಿ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಹನ್ನೊಂದು ಅಕ್ಷರಗಳ ಐಎಫ್‌ಎಸ್‌ಸಿ ಕೋಡ್‌ನಲ್ಲಿ ಮೊದಲ ನಾಲ್ಕು ಬ್ಯಾಂಕಿನ ಗುರುತು, ಅಂದರೆ ಒಂದು ನೇಮ್‌ಸ್ಪೇಸ್. ಸಿಂಡಿಕೇಟಿನ 'ಎಸ್‌ವೈಎನ್‌ಬಿ' ಕೋಡ್‌ಗಳು 2021ರ ಜುಲೈ 1ರಿಂದ ನಿಂತು, ಅವುಗಳ ಜಾಗಕ್ಕೆ 'ಸಿಎನ್‌ಆರ್‌ಬಿ' ಬಂತು. ವಿಲೀನವಾಗಿ ಹದಿನೈದು ತಿಂಗಳು ಹಳೆಯ ವಿಳಾಸವನ್ನು ಉಳಿಸಿಕೊಂಡು, ಗ್ರಾಹಕರಿಗೆ ಮುಂಚಿತವಾಗಿ ತಿಳಿಸಿ ಮಾಡಿದ ಬದಲಾವಣೆ ಅದು. ಎರಡು ಸಂಸ್ಥೆಗಳು ಒಂದಾದಾಗಲೆಲ್ಲ ಒಂದೇ ಬಗೆಯ ದಾಖಲೆಗಳ ಎರಡೆರಡು ಸೆಟ್ ಎದುರುಬದುರಾಗುತ್ತವೆ. ಟೇಬಲ್‌ಗಳ ವಿಳಾಸ ಬದಲಿಸುವಾಗಲೂ ಅಷ್ಟೇ ಸಾವಧಾನ ಬೇಕು, ಆದರೆ ಕೋಡ್ ಹುಟ್ಟಿಸುವುದು ಒಂದು ಆದೇಶದ, ಕೆಲವು ಸೆಕೆಂಡುಗಳ ಕೆಲಸ.

ಎರಡನೆಯ ಕಾರಣ ಎಐ ಬರೆಯುವ ಕೋಡ್. ಮಾಮೂಲಿ ಜನರೇಟರ್ ಕನಿಷ್ಠಪಕ್ಷ ಡೇಟಾಬೇಸ್ ನೋಡಿ ಬರೆಯುತ್ತದೆ. ಭಾಷಾ ಮಾದರಿಯಾದರೋ, ಸ್ಕೀಮಾದ ವಿವರ ಕೊಡದಿದ್ದರೆ, ಆ ಜಾಗದಲ್ಲಿ ಯಾವ ಹೆಸರು ಬರುವ ಸಂಭವ ಹೆಚ್ಚೋ ಅದನ್ನು ಬರೆಯುತ್ತದೆ. ಮಾತಿನಲ್ಲಿ ಕೇಳಿದ ಪ್ರಶ್ನೆಯನ್ನು ಕ್ವೆರಿಯಾಗಿಸುವ ಸಾಮರ್ಥ್ಯ ಅಳೆಯಲು 2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 'ಸ್ಪೈಡರ್' ಎಂಬ ಪರೀಕ್ಷೆ ರೂಪಿಸಿದ್ದರು. ಅದರಲ್ಲಿ ಎಐ ಶೇ 91.2ರವರೆಗೆ ಅಂಕ ಗಳಿಸಿತು. ನಿಜವಾದ ಕಂಪನಿಗಳ ಡೇಟಾಬೇಸ್‌ಗಳಂತೆ ಸಾವಿರಕ್ಕೂ ಹೆಚ್ಚು ಅಂಕಣಗಳಿರುವ ಡೇಟಾಬೇಸ್‌ಗಳನ್ನಿಟ್ಟು 632 ಸಮಸ್ಯೆಗಳ 'ಸ್ಪೈಡರ್ 2.0' ಬಂದಾಗ, ಅದನ್ನು ರೂಪಿಸಿದವರೇ ಕಟ್ಟಿದ ಎಐ ವ್ಯವಸ್ಥೆ ಬಿಡಿಸಿದ್ದು ಶೇ 21.3 ಮಾತ್ರ. ಈ ಕುಸಿತಕ್ಕೆ ಹೆಸರುಗಳ ಗೊಂದಲವೊಂದೇ ಕಾರಣವಲ್ಲ, ಆಮೇಲೆ ಬಂದ ವ್ಯವಸ್ಥೆಗಳು ಹೆಚ್ಚು ಅಂಕವನ್ನೂ ಪಡೆದಿವೆ. ಆದರೂ ಅಚ್ಚುಕಟ್ಟಾದ ಪುಟ್ಟ ಡೇಟಾಬೇಸ್‌ನಲ್ಲಿ ಗೆದ್ದದ್ದು ನಿಜವಾದ ಡೇಟಾಬೇಸ್‌ನಲ್ಲೂ ಗೆಲ್ಲುತ್ತದೆಂದು ನಂಬಬಾರದು ಎನ್ನಲು ಇಷ್ಟು ಸಾಕು.

2025ರ ಯೂಸ್‌ನಿಕ್ಸ್ ಭದ್ರತಾ ಸಮ್ಮೇಳನದ ಒಂದು ಅಧ್ಯಯನ ಇದನ್ನೇ ಇನ್ನೊಂದು ಬದಿಯಿಂದ ತೋರಿಸಿತು. 16 ಭಾಷಾ ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕುಗಳನ್ನು ಬರೆಸಿ ನೋಡಿದಾಗ, ಅವು ಸೂಚಿಸಿದ ಸಾಫ್ಟ್‌ವೇರ್ ಪ್ಯಾಕೇಜ್‌ಗಳಲ್ಲಿ ಅಸ್ತಿತ್ವದಲ್ಲೇ ಇಲ್ಲದ ಹೆಸರುಗಳ ಸರಾಸರಿ ಪಾಲು ವಾಣಿಜ್ಯ ಮಾದರಿಗಳಲ್ಲಿ ಕನಿಷ್ಠ ಶೇ 5.2, ಮುಕ್ತ ಮಾದರಿಗಳಲ್ಲಿ ಶೇ 21.7 ಇತ್ತು. ಇಲ್ಲದ ಹೆಸರನ್ನು ಕೇಳಿದರೆ ಕಂಪ್ಯೂಟರ್ 'ಇಲ್ಲ' ಎನ್ನುತ್ತದೆ, ಯಾರೋ ಕಿಡಿಗೇಡಿ ಆ ಹೆಸರಿನಲ್ಲಿ ಏನನ್ನಾದರೂ ತಂದಿಡುವವರೆಗೆ. ಇದು ನಡೆಯುವಂಥದ್ದೇ ಎಂದು ಅಲೆಕ್ಸ್ ಬಿರ್ಸಾನ್ ಎಂಬ ಸಂಶೋಧಕ 2021ರ ಫೆಬ್ರುವರಿಯಲ್ಲೇ ತೋರಿಸಿದ್ದರು. ಕಂಪನಿಗಳ ಖಾಸಗಿ ಪ್ಯಾಕೇಜ್‌ಗಳ ಹೆಸರನ್ನೇ ಸಾರ್ವಜನಿಕ ಭಂಡಾರಗಳಲ್ಲಿ ನೋಂದಾಯಿಸಿ, ಆಪಲ್, ಮೈಕ್ರೋಸಾಫ್ಟ್ ಸೇರಿದಂತೆ 35ಕ್ಕೂ ಹೆಚ್ಚು ಕಂಪನಿಗಳ ಒಳಜಾಲದಲ್ಲಿ ತನ್ನ ಕೋಡ್ ಓಡುವಂತೆ ಮಾಡಿದರು. ಲೋವರ್ ಫಂಕ್ಷನ್‌ನ ಕತೆಯೂ ಇದೂ ಒಂದೇ ಜಾತಿಯವು. ಪೂರ್ತಿ ವಿಳಾಸವಿಲ್ಲದ ಹೆಸರಿಗೆ ಬೇರೆ ಯಾರಾದರೂ ಉತ್ತರ ಕೊಡಬಹುದು.

ಹಾಗಾದರೆ ಮಾಡಬೇಕಾದ್ದೇನು? ಜನರೇಟರ್ ಬರೆದ ಫೈಲನ್ನು ಕೈಯಿಂದ ತಿದ್ದಬಾರದು. ಮುಂದಿನ ಸಲ ಕೋಡ್ ಹುಟ್ಟಿಸಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ತಿದ್ದಬೇಕಾದದ್ದು ಜನರೇಟರ್‌ನ ಟೆಂಪ್ಲೇಟ್ ಅಥವಾ ಅದರ ಸೆಟ್ಟಿಂಗ್. ಸ್ಕೀಮಾಕ್ಕೊಂದು ನೇಮ್‌ಸ್ಪೇಸ್ ಇರಲಿ, ಒಂದರಿಂದ ಇನ್ನೊಂದನ್ನು ಉಲ್ಲೇಖಿಸುವಾಗ ಬೇರಿನಿಂದ ಪೂರ್ತಿ ವಿಳಾಸ ಇರಲಿ. ಜಾವಾದಲ್ಲಿ ಬಳಸುವ 'ಜೂಕ್' ಎಂಬ ಉಪಕರಣ ಹಲವು ಸ್ಕೀಮಾಗಳಿದ್ದಾಗ ಸ್ಕೀಮಾಕ್ಕೊಂದು ಪ್ಯಾಕೇಜನ್ನೇ ಮಾಡುತ್ತದೆ. 'ಪ್ರಿಸ್ಮಾ' ಹೆಸರು ಡಿಕ್ಕಿಯಾದರೆ ಎರಡೂ ಟೇಬಲ್‌ಗಳ ಹೆಸರಿನ ಹಿಂದೆ ಸ್ಕೀಮಾದ ಹೆಸರು ಸೇರಿಸುತ್ತದೆ. ಎರಡನ್ನೂ ಬದಲಿಸಿದರೆ ಹಳೆಯ ಹೆಸರು ನೆಚ್ಚಿಕೊಂಡ ಕೋಡ್ ಕಂಪೈಲ್ ಆಗದೆ ನಿಲ್ಲುತ್ತದೆ, ಮನುಷ್ಯನೊಬ್ಬ ಬಂದು ನೋಡಲೇಬೇಕಾಗುತ್ತದೆ. ನಮಗೆ ಬೇಕಾದದ್ದು ಅದೇ.

ಹೆಸರಿನ ಹಿಂದೆ ಸ್ಕೀಮಾ ಸೇರಿಸುವಲ್ಲೂ ಎಚ್ಚರ ಬೇಕು. 'ಸೇಲ್ಸ್' ಸ್ಕೀಮಾದ 'ಆರ್ಡರ್_ಐಟಮ್ಸ್', 'ಸೇಲ್ಸ್_ಆರ್ಡರ್' ಸ್ಕೀಮಾದ 'ಐಟಮ್ಸ್' ಎರಡನ್ನೂ ಅಂಡರ್‌ಸ್ಕೋರ್‌ನಿಂದ ಜೋಡಿಸಿದರೆ ಸಿಗುವುದು ಒಂದೇ ಹೆಸರು. ಉದ್ದದ ಮಿತಿಯೂ ಇದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಯಾವ ಹೆಸರಿನಲ್ಲೂ 63 ಬೈಟ್‌ಗಿಂತ ಆಚೆಯದನ್ನು ಕತ್ತರಿಸಿಹಾಕುತ್ತದೆ. ಕನ್ನಡದಲ್ಲಿ ಒಂದೊಂದು ಲಿಪಿಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕಾದ್ದರಿಂದ, ಕನ್ನಡದಲ್ಲೇ ಹೆಸರಿಟ್ಟರೆ 21 ಸಂಕೇತಗಳಿಗೆ ಮಿತಿ ಮುಗಿಯುತ್ತದೆ.

ಡೇಟಾಬೇಸ್‌ನ ಕಡೆಯಿಂದ, ಹಳೆಯ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಿಂದ ಏರಿಸಿ ತಂದವರು ಪಬ್ಲಿಕ್ ಸ್ಕೀಮಾದ ಅನುಮತಿಯನ್ನು ತಾವೇ ಹಿಂಪಡೆಯಬೇಕು. ಕಂಪನಿಗೊಂದು ಸ್ಕೀಮಾ ಇರುವಲ್ಲಿ ಸರ್ಚ್ ಪಾತ್ ಆ ಒಂದು ವಹಿವಾಟಿಗಷ್ಟೇ ಅನ್ವಯಿಸುವಂತೆ ಬರೆಯಬೇಕು. ಪರೀಕ್ಷೆಯ ಡೇಟಾಬೇಸ್‌ನಲ್ಲಿ ಒಂದೇ ಹೆಸರಿನ ಟೇಬಲ್‌ಗಳನ್ನು ಎರಡು ಸ್ಕೀಮಾಗಳಲ್ಲಿ ಇಟ್ಟು, ಎರಡಕ್ಕೂ ಬೇರೆ ಬೇರೆ ದಾಖಲೆ ತುಂಬಬೇಕು. ಕೋಡ್ ತಪ್ಪು ಟೇಬಲ್‌ಗೆ ಹೋದರೆ ಉತ್ತರವೇ ಹೇಳಿಬಿಡುತ್ತದೆ.

ಇದಕ್ಕೆಲ್ಲ ಬೆಲೆ ತೆರಬೇಕು. ಕೋಡ್ ಉದ್ದವಾಗುತ್ತದೆ, ಹಳೆಯ ಯೋಜನೆಗಳಲ್ಲಿ ಕೆಲವು ವಾರ ಹಿಡಿಯಬಹುದು. ಆದರೆ ಅದನ್ನು ತೂಗಿ ನೋಡುವ ಮೊದಲು ತಮ್ಮಲ್ಲಿ ಅಪಾಯ ಎಷ್ಟಿದೆ ಎಂದು ಯಾರಾದರೂ ಎಣಿಸಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಮೂರರಲ್ಲೂ 'ಇನ್ಫರ್ಮೇಷನ್ ಸ್ಕೀಮಾ' ಎಂಬ ಜಾಗದಲ್ಲಿ ಟೇಬಲ್‌ಗಳ ಪಟ್ಟಿ ಇರುತ್ತದೆ. ಅದನ್ನು ಟೇಬಲ್‌ನ ಹೆಸರಿನ ಪ್ರಕಾರ ಗುಂಪು ಮಾಡಿ, ಒಂದಕ್ಕಿಂತ ಹೆಚ್ಚು ಸ್ಕೀಮಾಗಳಲ್ಲಿ ಇರುವ ಹೆಸರುಗಳನ್ನು ತೆಗೆದರೆ ಸಾಕು, ನಾಲ್ಕು ಸಾಲಿನ ಕ್ವೆರಿ. ಬರುವ ಸಂಖ್ಯೆ ಸೊನ್ನೆಯಾದರೆ ಈ ಲೇಖನದ ಎಚ್ಚರಿಕೆ ಸದ್ಯಕ್ಕೆ ನಿಮಗಲ್ಲ. ಸೊನ್ನೆಯಲ್ಲದಿದ್ದರೆ, ಮುಂದಿನ ಸಲ ಕೋಡ್ ಹುಟ್ಟಿಸುವ ಮೊದಲು ಆ ಪಟ್ಟಿಯ ಒಂದೊಂದು ಹೆಸರೂ ನಿಮ್ಮ ಕೋಡ್‌ನಲ್ಲಿ ಯಾವ ಟೇಬಲ್‌ಗೆ ಹೋಗುತ್ತಿದೆ ಎಂದು ಕೂತು ನೋಡಿ.